ಕೆಂಪು ಬಾಣದ ಫ್ರಾಕುಗಳು

ಶಟರ್ ಎತ್ತುವ ಮುಂಚೆ ಹೊಸ ಬಟ್ಟೆಗಳಿಗೆ ಹ್ಯಾಂಗರ್ ಹಾಕಬೇಕು. ಆ ಶನಿವಾರ ನಾನೂ ಕಲಾವತಿ ಆಂಟಿಯೂ ನೆಲದ ಮೇಲೆ ಕೂತು ಮಕ್ಕಳ ಫ್ರಾಕುಗಳಿಗೆ ಹಾಕುತ್ತಿದ್ದೆವು. ಆಂಟಿ ಪ್ಲಾಸ್ಟಿಕ್ ಕವರ್ ಹರಿದು ಕೊಡುತ್ತಿದ್ದರು, ನಾನು ಭುಜ ಸರಿಮಾಡಿ ಹ್ಯಾಂಗರ್ ತೂರಿಸುತ್ತಿದ್ದೆ. ಅರ್ಧ ಗಂಟೆ ಇಬ್ಬರೂ ಮಾತಾಡಲಿಲ್ಲ. ನನಗೆ ಮಾತು ಕಡಿಮೆ. ಅದನ್ನು ಜಂಬ ಅಂದುಕೊಳ್ಳದೇ ಇರುವವರು ಆ ಅಂಗಡಿಯಲ್ಲಿ ಆಂಟಿ ಒಬ್ಬರೇ.

ವಿಜಯನಗರದ ಆ ಅಂಗಡಿಗೆ ಸೇರಿ ಎರಡೂವರೆ ತಿಂಗಳಾಗಿತ್ತು. ಮೂರು ತಿಂಗಳು ಟ್ರಯಲ್. ಅಷ್ಟರಲ್ಲಿ ಒಂದು ಮೆಮೊ ಬಂದರೂ ಮನೆಗೆ ಕಳಿಸುತ್ತಾರೆ. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟವಳಿಗೆ, ಕೆಂಗೇರಿಯಿಂದ ಮೆಟ್ರೋದಲ್ಲಿ ಬಂದು ಏಸಿಯ ತಣ್ಣನೆ ಗಾಳಿಯಲ್ಲಿ ನಿಂತು ಮಾಡುವ ಕೆಲಸ ಸಿಗುತ್ತದೆ ಅಂತ ನಮ್ಮಮ್ಮ ಕನಸಲ್ಲೂ ಎಣಿಸಿರಲಿಲ್ಲ. ಅದನ್ನು ಕೇಳಿ ಕೊಡಿಸಿದ್ದೂ ಕಲಾವತಿ ಆಂಟಿಯೇ.

ಅದಕ್ಕೆ ಮುಂಚೆ ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸಿನಲ್ಲಿ ಚೆಕ್ಕರ್ ಆಗಿದ್ದೆ. ಹೊರದೇಶದ ಅಗ್ಗದ ಅಂಗಡಿಗಳಿಗೆ ಹೋಗುವ ಬಟ್ಟೆ. ಹೊಲಿಗೆ ಬಿಟ್ಟ ಜಾಗಕ್ಕೆ ಕೆಂಪು ಬಾಣದ ಸ್ಟಿಕರ್ ಅಂಟಿಸಿ ಪಕ್ಕಕ್ಕೆ ಇಟ್ಟರೆ ಮುಗಿಯಿತು. ಯಾರನ್ನೂ ಕರೆಯಬೇಕಿಲ್ಲ. ಆಲ್ಟರ್ ಮಾಡುವವರು ಬಾಣ ನೋಡಿ ಒಯ್ದು ಸರಿಮಾಡುತ್ತಾರೆ. ಫ್ಯಾಕ್ಟರಿ ಮುಚ್ಚಿದ ದಿನ ಅಂಥ ಸ್ಟಿಕರಿನ ಒಂದು ಹಾಳೆ ನನ್ನ ಪರ್ಸಿನಲ್ಲೇ ಉಳಿದುಬಿಟ್ಟಿತ್ತು.

ಆಂಟಿ ಟೀ ತರಲು ಎದ್ದು ಹೋದಾಗ ನೋಡಿದೆ, ಒಂದು ಫ್ರಾಕಿನ ಕಂಕುಳಲ್ಲಿ ಹೊಲಿಗೆ ಬಿಟ್ಟಿತ್ತು. ಇನ್ನೊಂದರಲ್ಲೂ. ಒಟ್ಟು ಹದಿನಾಲ್ಕು ಫ್ರಾಕು. ಕೈ ತಾನಾಗೇ ಪರ್ಸಿಗೆ ಹೋಯಿತು. ಬಾಣ ಅಂಟಿಸಿ ಸ್ಟ್ಯಾಂಡಿನ ಒಂದು ಮೂಲೆಗೆ ತೂಗುಹಾಕಿದೆ. ಯಾರಾದರೂ ಬಂದು ಒಯ್ಯುತ್ತಾರೆ ಅಂದುಕೊಂಡೆ. ಇಲ್ಲಿ ಆಲ್ಟರ್ ಮಾಡುವವರೇ ಇಲ್ಲ ಅನ್ನುವುದು ಹೊಳೆಯಲೇ ಇಲ್ಲ.

ಹನ್ನೊಂದು ಗಂಟೆಗೆ ಸರಿಮಾಡುವವರ ಬದಲು ಗಿರಾಕಿಗಳು ಬಂದರು.

"ಕೆಂಪು ಗುರುತು ಇರೋದೆಲ್ಲಾ ಅರ್ಧ ರೇಟಂತೆ ಕಣೇ, ಬೇಗ ಬಾ" ಅಂತ ಒಬ್ಬರು ತಂಗಿಯನ್ನು ಕೂಗಿದರು. ಐದು ನಿಮಿಷದಲ್ಲಿ ಸ್ಟ್ಯಾಂಡಿನ ಆ ಮೂಲೆ ಖಾಲಿ. ಬಿಲ್ಲಿಂಗ್‌ನಲ್ಲಿ ಪೂರ್ತಿ ರೇಟು ಬಂತು.

"ಗುರುತು ಹಾಕಿ ಜನಾನ ಕರೀತೀರಾ, ಇಲ್ಲಿ ಬಂದ್ರೆ ಬೇರೆ ರೇಟಾ? ನಮ್ಮ ಕಿವಿ ಮೇಲೆ ಹೂವೇನಾದ್ರೂ ಕಾಣ್ತಿದ್ಯಾ ನಿಮ್ಗೆ?"

ಮ್ಯಾನೇಜರ್ ಯಶ್ವಂತ್ ಸಾರ್ ಎಲ್ಲರ ಹತ್ತಿರವೂ ಸಾರಿ ಕೇಳಿ, ಫ್ರಾಕುಗಳನ್ನು ವಾಪಸ್ ಪಡೆದು ನಮ್ಮಿಬ್ಬರನ್ನು ಗೋಡೌನಿಗೆ ಕರೆದರು.

"ಯಾರ ಕೆಲಸ ಇದು?"

ನಾನು ಬಾಯಿ ತೆರೆದೆ. ಸ್ವರ ಹೊರಡಲಿಲ್ಲ.

"ನಂದೇ ಸಾರ್" ಅಂದರು ಆಂಟಿ. "ಡ್ಯಾಮೇಜ್ ಬೇರೆ ಇಡೋಣ ಅಂತ ಅಂಟಿಸ್ದೆ. ಇಡೋದು ಮರ್ತೆ. ವಯಸ್ಸಾಯ್ತಲ್ಲ."

"ಹನ್ನೊಂದು ವರ್ಷದ ಸರ್ವಿಸ್ ಆಂಟಿ ನಿಮ್ದು. ಮೆಮೊ ಇದ್ದವರಿಗೆ ಇನ್‌ಚಾರ್ಜ್ ಕೊಡಲ್ಲ, ಗೊತ್ತು ತಾನೆ?"

"ಗೊತ್ತು ಸಾರ್. ಬರ್ಕೊಳ್ಳಿ."

ಮುಂದಿನ ತಿಂಗಳು ಆಂಟಿ ಫ್ಲೋರ್ ಇನ್‌ಚಾರ್ಜ್ ಆಗಬೇಕಿತ್ತು. ಇನ್‌ಚಾರ್ಜ್‌ಗೆ ಮಾತ್ರ ಕುರ್ಚಿ ಕೊಡುತ್ತಾರೆ. ಆಂಟಿಯ ಮಂಡಿ ಸಂಜೆ ಹೊತ್ತಿಗೆ ಊದಿರುತ್ತದೆ. ಆರ್‌ಪಿಸಿ ಲೇಔಟಿನ ಮನೆಗೆ ಹತ್ತು ನಿಮಿಷದ ದಾರಿ, ಅವರು ಅರ್ಧ ಗಂಟೆ ನಡೆಯುತ್ತಾರೆ.

ಹೊರಗೆ ಬಂದಮೇಲೆ ನಾನು ಅವರ ಕೈ ಹಿಡಿದೆ.

"ಅಳ್ಬೇಡ್ವೇ. ನಂಗೆ ಮೆಮೊ ಬಂದ್ರೆ ಕುರ್ಚಿ ಹೋಗುತ್ತೆ, ನಿಂಗೆ ಬಂದ್ರೆ ಕೆಲ್ಸನೇ ಹೋಗುತ್ತೆ. ಗಿರಾಕಿ ನೋಡ್ಕೋ ಹೋಗು."

ಗಿರಾಕಿ ಅಂದರೆ ಆಂಟಿಗೆ ಪರಿಚಯವಿದ್ದ ಶ್ರೀಗಂಧದ ಕಾವಲ್‌ನ ನರಸಮ್ಮನವರು, ಜೊತೆಗೆ ಇಂಗ್ಲೆಂಡಿನಲ್ಲಿ ನರ್ಸ್ ಆಗಿರುವ ಅವರ ಮಗಳು ಕುಸುಮಾ. ಬಿಲ್ಲಿಂಗಿನ ಗಲಾಟೆಯನ್ನು ಅವರೂ ನೋಡಿದ್ದರು.

"ಅಲ್ಲಿಂದ ಇಲ್ಲೀವರ್ಗೂ ಬಂದು ಇದೇ ಅಗ್ಗದ ಅಂಗಡೀನೇ ಬೇಕಿತ್ತೇನೇ ನಿಂಗೆ?" ಅಂತ ತಾಯಿ ರೇಗಿಸುತ್ತಿದ್ದರು.

"ಅಲ್ಲೂ ನಾನು ಹೋಗೋದು ಇಂಥದಕ್ಕೇ ಅಮ್ಮ. ಡ್ಯೂಟಿ ಮುಗಿಸ್ಕೊಂಡು ನಾವೆಲ್ಲಾ ಬುಟ್ಟಿ ಹಿಡ್ಕೊಂಡು ಒಟ್ಟಿಗೇ ನುಗ್ತೀವಿ. ಅಲ್ಲೂ ಟ್ರಯಲ್ ರೂಮ್‌ಗೆ ಇಷ್ಟೇ ಕ್ಯೂ." ಆಮೇಲೆ ನನ್ನ ಕಡೆ ತಿರುಗಿದರು. "ಏನಮ್ಮ, ಆ ಕೆಂಪು ಬಾಣ ಏನಕ್ಕೆ? ನನ್ ಮಗನಿಗೆ ಅಲ್ಲಿ ಒಂದು ಜಾಕೆಟ್ ತಗೊಂಡಿದ್ದೆ, ಒಳಗಡೆ ಕಂಕುಳ ಹತ್ರ ಇಂಥದೇ ಅಂಟ್ಕೊಂಡಿತ್ತು."

ಹೇಳಲೇಬೇಕಾಯಿತು. "ಅಲ್ಲಿ ಹೊಲಿಗೆ ಬಿಟ್ಟಿರುತ್ತೆ ಅಕ್ಕ. ಚೆಕ್ಕರ್ ಗುರುತು ಮಾಡ್ತಾರೆ. ಸರಿಮಾಡಿದ್ಮೇಲೆ ಕಿತ್ತಾಕ್ಬೇಕು, ಮರ್ತಿರ್ತಾರೆ."

"ಯಾರೋ ಕೂತ್ಕೊಂಡು ಒಳಗೆಲ್ಲಾ ನೋಡ್ತಾರಾ?"

"ಒಂದೊಂದನ್ನೂ ನೋಡ್ತೀವಿ ಅಕ್ಕ."

"ಎರಡು ಚಳಿಗಾಲ ಹಾಕಿದಾನೆ ಅದನ್ನ. ಜಿಪ್ ಹೋಯ್ತು, ಜೇಬು ಹರೀತು, ಆ ಕಂಕುಳು ಮಾತ್ರ ಬಿಟ್ಟಿಲ್ಲ. ಅದನ್ನ ನೋಡಿದವ್ರಿಗೆ ಒಂದು ಥ್ಯಾಂಕ್ಸ್ ಹೇಳ್ಬೇಕಿತ್ತು ನಾನು."

ಅದು ನಾನು ನೋಡಿದ ಜಾಕೆಟ್ಟೇ ಆಗಿರಬೇಕು ಅಂತೇನಿಲ್ಲ. ಬೆಂಗಳೂರಿನಲ್ಲಿ ನನ್ನಂಥವರು ಸಾವಿರಾರು. ಆದರೂ ಅಷ್ಟೂ ಜನರ ಪರವಾಗಿ ಆ ಥ್ಯಾಂಕ್ಸ್ ನಾನೇ ಇಟ್ಟುಕೊಂಡೆ. ಅವರ ಚಿಕ್ಕ ಮಗಳಿಗೆ ಹೊಲಿಗೆ ಗಟ್ಟಿ ಇದ್ದ ಎರಡು ಫ್ರಾಕು ಆರಿಸಿಕೊಟ್ಟೆ. ಒಳಗನ್ನು ತಿರುಗಿಸಿ ತೋರಿಸಿದೆ. ನರಸಮ್ಮನವರು ನನ್ನ ತಲೆ ಮುಟ್ಟಿ ಹೋದರು.

ಕಲಾವತಿ ಆಂಟಿ ಅಂಗಡಿಯ ಆ ಕೊನೆಯಲ್ಲಿ ಸ್ಟ್ಯಾಂಡಿಗೆ ಒರಗಿ, ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬಿಡುತ್ತಾ ನಿಂತಿದ್ದರು. ಇಷ್ಟು ವರ್ಷದಲ್ಲಿ ನನಗೋಸ್ಕರ ಮಾತಾಡಿದವರನ್ನು ಲೆಕ್ಕ ಹಾಕಿದರೆ ಅಮ್ಮನನ್ನು ಬಿಟ್ಟು ಅವರೊಬ್ಬರೇ. ನಾನು ಮಾತ್ರ ಅವರಿಗೋಸ್ಕರ ಒಂದು ಮಾತೂ ಆಡಿರಲಿಲ್ಲ.

ಗೋಡೌನಿಗೆ ಹೋದೆ. ಯಶ್ವಂತ್ ಸಾರ್ ಫೋನ್ ಕಿವಿಗಿಟ್ಟುಕೊಂಡು ಹೆಡ್ ಆಫೀಸಿನವರಿಗೆ "ಹೌದು, ಹೌದು" ಅನ್ನುತ್ತಿದ್ದರು. ಮೆಮೊ ಮೇಜಿನ ಮೇಲಿತ್ತು, ಸಹಿ ಇನ್ನೂ ಆಗಿರಲಿಲ್ಲ. ಫೋನ್ ಇಡುವವರೆಗೆ ಕಾದೆ. ಇಟ್ಟರು. ನನ್ನನ್ನು ನೋಡಿದರು. ಈ ಸಲ ಸ್ವರ ಹೊರಟಿತು.

"ಸಾರ್, ಬಾಣ ಅಂಟಿಸಿದ್ದು ನಾನು. ಆಂಟಿ ಹೆಸರು ಹೊಡೆದುಹಾಕಿ ನನ್ನ ಹೆಸರು ಬರೀರಿ."

ಸಾರ್ ಪೆನ್ನಿನ ಕ್ಯಾಪ್ ತೆಗೆದು ಹಾಗೇ ಹಿಡಿದುಕೊಂಡು ಕೂತರು. ಆಂಟಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

"ಬರೀರಿ ಸಾರ್" ಅಂದೆ.