ತಿಂದುಕೊಂಡು ಬಸ್ಸು ಹತ್ತು

ಡಿಸೆಂಬರ್ ಅಂದರೆ ಚಳಿ ಎಂದು ನಂಬಿ ಬಂದವರು ಹೊತ್ತು ಮೂಡುವ ಮೊದಲೇ ಬೆವರುತ್ತಿದ್ದರು. ತುಮಕೂರು, ಗುಬ್ಬಿ, ಕುಣಿಗಲ್ಲುಗಳಿಂದ ಹೊರಟು, ರಾತ್ರಿಯಿಡೀ ಘಾಟಿ ಇಳಿದು, ಮಂಗಳೂರಿನ ಲಾಡ್ಜಿನ ಮುಂದೆ ಬಸ್ಸಿನಿಂದ ಇಳಿದ ಆ ಗುಂಪಿನಲ್ಲಿ ಅರ್ಧಕ್ಕರ್ಧ ಜನ ಸ್ವೆಟರು ತೊಟ್ಟಿದ್ದರು. ತುಮಕೂರಿನ ನಿವೃತ್ತ ಮೇಷ್ಟ್ರು ಅನಂತರಾಮಯ್ಯನವರಂತೂ ಮಂಕಿ ಕ್ಯಾಪನ್ನೂ ಬಿಗಿದಿದ್ದರು.

"ಏನಯ್ಯಾ ಗಂಗರಾಜು, ಪಾಂಪ್ಲೆಟ್ಟಲ್ಲಿ ಚಳಿಗಾಲದ ವಿಶೇಷ ಪ್ರವಾಸ ಅಂತ ಹಾಕಿದೀರಿ. ಚಳಿ ಎಲ್ಲಯ್ಯಾ?"

"ಚಳೀನ ತುಮಕೂರಲ್ಲೇ ಇಟ್ಟು ಬಂದಿದೀವಿ ಸಾರ್. ವಾಪಸ್ ಹೋದ್ಮೇಲೆ ನಿಮ್ದು ನಿಮಗೇ ಕೊಡ್ತೀವಿ."

ಎಲ್ಲರೂ ನಕ್ಕರು. ಗಂಗರಾಜುವಿಗೆ ಎದೆ ಹಗುರಾಯಿತು. ತುಮಕೂರಿನ ಟ್ರಾವೆಲ್ಸಿನಲ್ಲಿ ಮೂರು ವರ್ಷ ಲಗೇಜು ಹೊತ್ತ ಮೇಲೆ, ಈ ತೊಂಬತ್ತೇಳರ ಡಿಸೆಂಬರಿನಲ್ಲಿ ಮಾಲೀಕರು ಮೊದಲ ಸಲ ಒಂದಿಡೀ ಗುಂಪನ್ನು ಅವನೊಬ್ಬನ ಕೈಗೆ ಒಪ್ಪಿಸಿದ್ದರು. ಹಳೆಯ ಊರಿನ ಗಲ್ಲಿಗಳಲ್ಲಿ ಬಸ್ಸು ಹೋಗದು. ಹಾಗಾಗಿ ಒಂದು ದಿನ ಪೂರ್ತಿ ನಡೆದೇ ಊರು ನೋಡುವುದೆಂದು ಗೊತ್ತುಮಾಡಿದ್ದರು. ಮುಂದೆ ಕೋಲಿಗೆ ಕಟ್ಟಿದ ಹಳದಿ ಬಟ್ಟೆ ಹಿಡಿದು ಗೈಡು ನಡೆಯಬೇಕು, ಹಿಂದೆ ಜನ.

ಚೇಳೂರಿನಲ್ಲಿ ಅಪ್ಪ ಹೊನ್ನಯ್ಯನಿಗೆ ಇದನ್ನು ಹೇಳಿದಾಗ ಅವನು ಕಟ್ಟೆ ಮೇಲೆ ಕೂತವರಿಗೆಲ್ಲ ಕೇಳುವಂತೆ ನಕ್ಕಿದ್ದ. "ಬೀದೀಲಿ ನಡ್ಯಕೂ ಸಂಬ್ಳವೇನ್ಲಾ? ಹಂಗಾರೆ ನಮ್ ಎತ್ತಿಗೆ ನಾನೆಷ್ಟು ಬಾಕಿ ಉಳ್ಸ್ಕಂಡಿವ್ನೋ!" ಆ ದಿನ ಉಣ್ಣದೆ ಎದ್ದು ಬಂದ ಗಂಗರಾಜು ಮತ್ತೆ ಊರಿನ ಕಡೆ ತಲೆ ಹಾಕಿರಲಿಲ್ಲ. ಹೊರಡುವ ಮುಂಚೆ ಮಾತ್ರ, ಏನಾದರೂ ಬೇಕಾದೀತೆಂದು, ಅಂಗಡಿ ರಾಮಾಂಜಿನಯ್ಯನಿಗೆ ಫೋನಿನಲ್ಲೇ ಲಾಡ್ಜಿನ ನಂಬರು ಕೊಟ್ಟಿದ್ದ. ಆ ಬೀದಿಗೆಲ್ಲ ಫೋನಿದ್ದದ್ದು ಅವನ ಅಂಗಡಿಯಲ್ಲೇ.

ತಿಂಡಿ ಮುಗಿಸಿ ಎಲ್ಲರೂ ಮೆಟ್ಟಿಲಿಳಿಯುತ್ತಿದ್ದಾಗ ಮ್ಯಾನೇಜರು ಫೋನು ಎತ್ತಿ ತೋರಿಸಿದ.

"ಗಂಗರಾಜ, ನಾನು ಕಣಪ್ಪ, ರಾಮಾಂಜಿನಯ್ಯ. ನಿಮ್ಮಪ್ಪಂಗೆ ಉಸಾರಿಲ್ಲ. ಹೊರಟು ಬಂದ್ಬುಡು."

"ಏನಾಗೈತೆ?"

"ಏನಿಲ್ಲ, ಗಾಬರಿ ಬೀಳ್ಬೇಡ. ನೋಡು, ಬರೀ ಹೊಟ್ಟೇಲಿ ಹೊರಡ್ಬೇಡ. ಏನಾರ ತಿಂದ್ಕಂಡು ಬಸ್ ಹತ್ತು."

ಗಂಗರಾಜು ಫೋನನ್ನು ಮೆಲ್ಲಗೆ ಇಟ್ಟ. ಅವನಿಗೆ ಎಲ್ಲ ಗೊತ್ತಾಯಿತು. ಅವರ ಕಡೆ ದೂರದಲ್ಲಿರುವ ಮಗನಿಗೆ ಸಾವನ್ನು ಯಾರೂ ಫೋನಿನಲ್ಲಿ ಹೇಳುವುದಿಲ್ಲ. ಹುಷಾರಿಲ್ಲ ಅನ್ನುತ್ತಾರೆ, ಗಾಬರಿ ಬೇಡ ಅನ್ನುತ್ತಾರೆ, ತಿಂದುಕೊಂಡು ಬಾ ಅನ್ನುತ್ತಾರೆ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಬಂದವನು ಮಣ್ಣು ಮುಗಿಯುವ ತನಕ ಉಪವಾಸ ಬೀಳುತ್ತಾನೆ ಎಂದು. ಚೌಡಪ್ಪನ ತಾಯಿ ತೀರಿಕೊಂಡಾಗ ಹುಬ್ಬಳ್ಳಿಯಲ್ಲಿದ್ದ ಚೌಡಪ್ಪನಿಗೆ ಇದೇ ರಾಮಾಂಜಿನಯ್ಯ ಇದೇ ದನಿಯಲ್ಲಿ ಹೇಳಿದ್ದನ್ನು ಗಂಗರಾಜು ಅಂಗಡಿಯ ಕಟ್ಟೆ ಮೇಲೆ ಕೂತು ಕೇಳಿದ್ದ. ಫೋನಿಟ್ಟ ಮೇಲೆ ರಾಮಾಂಜಿನಯ್ಯ ಟವಲಿನಿಂದ ಕಣ್ಣೊರೆಸಿಕೊಂಡಿದ್ದ. ಈಗಲೂ ಹಾಗೇ ಒರೆಸಿಕೊಂಡಿರಬೇಕು.

ಬೆಳಿಗ್ಗೆಯೇ ಒಂದು ಬಸ್ಸಿತ್ತು. ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಚೇಳೂರು ಮುಟ್ಟಬಹುದಿತ್ತು. ಇನ್ನೊಂದು ರಾತ್ರಿ ಬಸ್ಸು, ಅದರಲ್ಲಿ ಹೋದರೆ ಬೆಳಗಾಗುತ್ತದೆ. ಹಿರಿಮಗ ಬಾರದೆ ಮಣ್ಣು ಮಾಡುವುದಿಲ್ಲ, ನಾಳೆಯವರೆಗೂ ಕಾಯುತ್ತಾರೆ. ಈಗ ಕೋಲು ಕೆಳಗಿಟ್ಟು ಹೋದರೆ ಈ ಜನ ನಡುಬೀದಿಯಲ್ಲಿ ನಿಲ್ಲುತ್ತಾರೆ, ಮಾಲೀಕರು ಇನ್ನೊಬ್ಬನನ್ನು ಹುಡುಕಿಕೊಳ್ಳುತ್ತಾರೆ. ಅಪ್ಪ ನಕ್ಕಿದ್ದೇ ನಿಜವಾಗುತ್ತದೆ. ಗುಂಪನ್ನು ಸಂಜೆಗೆ ಬಸ್ಸಿನ ಡ್ರೈವರಿಗೆ ಒಪ್ಪಿಸಿದರಾಯಿತು. ಅಪ್ಪನಿಗೆ ಇನ್ನು ಯಾವ ಅವಸರವೂ ಇರಲಿಲ್ಲ.

"ಬನ್ನಿ, ಬನ್ನಿ" ಎಂದು ಕೂಗಿ ಅವನು ಹಳದಿ ಬಟ್ಟೆಯನ್ನು ಮೇಲೆತ್ತಿದ.

ಆ ದಿನ ಅವನು ಮಾತಾಡಿದಷ್ಟು ಚೆನ್ನಾಗಿ ಹಿಂದೆಂದೂ ಮಾತಾಡಿರಲಿಲ್ಲ. ಬಾವುಟಗುಡ್ಡೆಯ ಲೈಟ್‌ಹೌಸಿನ ಕೆಳಗೆ ನಿಂತು, ಕತ್ತಲೆಯಲ್ಲಿ ದಾರಿ ತಪ್ಪಿದ ಹಡಗಿನವರಿಗೆ ದೂರದ ಒಂದು ದೀಪ ಕಂಡರೆ ಹೇಗನ್ನಿಸುತ್ತದೆ ಎಂದು ಹೇಳಿದಾಗ ಗದ್ದಲವೆಲ್ಲ ನಿಂತಿತು. ಮಾತು ತಾನಾಗಿ ಬರುತ್ತಿತ್ತು, ಯಾರೋ ಒಳಗೆ ಕೂತು ಹೇಳಿಕೊಡುತ್ತಿದ್ದ ಹಾಗೆ. ಇಗರ್ಜಿಯ ಅಂಗಳದಲ್ಲಿ ಕ್ರಿಸ್‌ಮಸ್ಸಿಗೆಂದು ಗೋದಲಿ ಕಟ್ಟುತ್ತಿದ್ದರು. ಹುಲ್ಲಿನ ಗುಡಿಸಲು, ಮಣ್ಣಿನ ದನ, ಮೊಳಕೆ ಬರಿಸಿದ ಹಸಿರು ಪೈರು, ತೊಟ್ಟಿಲಿಲ್ಲದ ಕೂಸು.

"ನಮ್ಮ ದಸರಾ ಬೊಂಬೆ ಥರಾನೇ ಇದೆ ಅಲ್ವೇನ್ರೀ?" ಎಂದರು ಅನಂತರಾಮಯ್ಯನವರ ಹೆಂಡತಿ ಸರಸ್ವತಮ್ಮ.

"ಸದ್ಯ, ನಿನ್ನ ಪಟ್ಟದ ಬೊಂಬೆ ಇಲ್ಲಿಗೆ ಹೊತ್ಕೊಂಡು ಬಂದಿಲ್ವಲ್ಲ" ಎಂದರು ಯಜಮಾನರು.

ಗಂಗರಾಜುವೂ ನಕ್ಕ. ನಗುತ್ತಿರುವಾಗಲೇ ಅಪ್ಪನ ಕಾಲಿನ ಹೆಬ್ಬೆರಳುಗಳನ್ನು ಕಟ್ಟಿರುತ್ತಾರೆ ಎಂದು ನೆನಪಾಯಿತು.

ಹಂಪನಕಟ್ಟೆಯಲ್ಲಿ ಎಲ್ಲರೂ ಎಳನೀರು ಕುಡಿಯಲು ನಿಂತಾಗ ಅವನು ಎಸ್‌ಟಿಡಿ ಬೂತಿನೊಳಗೆ ಹೋದ. ರಾಮಾಂಜಿನಯ್ಯನ ನಂಬರು ಒತ್ತಿದ. ಅತ್ತ ಕಡೆ ಗಂಟೆ ಬಾರಿಸತೊಡಗಿತು. ಎತ್ತಿದರೆ ಏನು ಕೇಳುವುದು? ಅಪ್ಪ ಸತ್ತನೇ ಎಂದೇ? ಹೂಂ ಅನ್ನುವ ಕಷ್ಟವನ್ನು ಪಾಪ, ಆ ಮನುಷ್ಯನಿಗೆ ಯಾಕೆ ಕೊಡಬೇಕು? ಅದು ಬೇಡವೆಂದೇ ಅಲ್ಲವೇ ಊರಿನವರು ಸುತ್ತಿ ಬಳಸಿ ಹೇಳುವುದು? ಯಾರಾದರೂ ಎತ್ತುವ ಮೊದಲೇ ಅವನು ಫೋನಿಟ್ಟುಬಿಟ್ಟ.

ದಾರಿಯಲ್ಲಿ ಒಂದು ದೇವಸ್ಥಾನವಿತ್ತು. ಗಂಗರಾಜು ಚಪ್ಪಲಿ ಕಾಯುವ ನೆಪದಲ್ಲಿ ಹೊರಗೇ ಉಳಿದ. ಸೂತಕದವನು ಹೊಸ್ತಿಲು ದಾಟಬಾರದು.

"ಇದೇನಪ್ಪಾ, ನಮ್ಮನ್ನ ಒಳಗೆ ತಳ್ಳಿ ನೀನು ಹೊರಗೆ? ತಗೋ, ಪ್ರಸಾದ ತಗೋ" ಎಂದು ಸರಸ್ವತಮ್ಮ ಹೂವು ಚಾಚಿದರು.

"ಇಟ್ಟಿರಿ ಅಮ್ಮಾ, ಆಮೇಲೆ" ಎಂದು ಅವನು ಎರಡು ಹೆಜ್ಜೆ ಹಿಂದೆ ಸರಿದ.

"ದೇವರಿಗೂ ಆಮೇಲೆ ಅಂತೀಯಲ್ಲೋ! ಗಟ್ಟಿಗ ಕಣಯ್ಯಾ ನೀನು" ಎಂದರು ಮೇಷ್ಟ್ರು.

ಇಳಿಹೊತ್ತಿನಲ್ಲಿ ಬಂದರಿನ ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡು, ದೋಣಿಯಲ್ಲಿ ನದಿ ದಾಟಿ, ಬೆಂಗ್ರೆಯ ಮರಳು ತುಳಿದು ಎಲ್ಲರೂ ಕಡಲಿನ ಮುಂದೆ ನಿಂತರು. ಸ್ವೆಟರುಗಳು ಸೊಂಟಕ್ಕೆ ಬಂದಿದ್ದವು. ಹೆಂಗಸರು ಸೀರೆಯ ನೆರಿಗೆ ಎತ್ತಿ, ಕಾಲು ತೋಯಿಸಿ, ಕಿರುಚಿ ಹಿಂದಕ್ಕೆ ಓಡುತ್ತಿದ್ದರು. ಗಂಗರಾಜು ಕೋಲನ್ನು ಮರಳಿಗೆ ನೆಟ್ಟು ಉಟ್ಟ ಬಟ್ಟೆಯಲ್ಲೇ ನೀರಿಗಿಳಿದ. ಸಾವಿನ ಸುದ್ದಿ ಕೇಳಿದವನು ತಲೆ ಮೇಲೆ ನೀರು ಹಾಕಿಕೊಳ್ಳಬೇಕು, ಬೆಳಗಿನಿಂದ ಹಾಕಿಕೊಂಡಿರಲಿಲ್ಲ. ಎದೆಮಟ್ಟಕ್ಕೆ ಹೋಗಿ ಮೂರು ಸಲ ಮುಳುಗೆದ್ದ. ಮೂರನೆಯ ಸಲ ನೀರೊಳಗೇ ಬಾಯಿ ತೆರೆದು ಅಪ್ಪಾ ಎಂದು ಕೂಗಿದ. ಉಪ್ಪು ಗಂಟಲಿಗಿಳಿಯಿತು. ಅಳು ಬಂತು.

"ನೋಡ್ರಪ್ಪಾ, ಕಾಸು ಕೊಟ್ಟೋರು ನಾವು, ಸಮುದ್ರ ಸ್ನಾನ ಗೈಡಿಗೆ!" ಎಂದು ದಡದಲ್ಲಿ ಯಾರೋ ಕೂಗಿದರು. ಒದ್ದೆ ಮುಖದಲ್ಲಿ ಅಳು ಕಾಣುತ್ತಿರಲಿಲ್ಲ.

ಲಾಡ್ಜಿಗೆ ಮರಳಿ ಬಟ್ಟೆ ಬದಲಿಸಿ, ಡ್ರೈವರಿಗೆ ಮಾತ್ರ ವಿಷಯ ಹೇಳಿ, ನಾಳೆಯ ಜವಾಬ್ದಾರಿ ಒಪ್ಪಿಸಿ, ಅವನು ರಾತ್ರಿ ಬಸ್ಸು ಹತ್ತಿದ. ಹತ್ತುವ ಮುನ್ನ ಹೋಟೆಲಿನಲ್ಲಿ ಹೊಟ್ಟೆ ತುಂಬ ಉಂಡ.

ಬೆಳಿಗ್ಗೆ ಗುಬ್ಬಿಯಿಂದ ಬಂದ ಬಸ್ಸಿಳಿದಾಗ ಮನೆ ಮುಂದೆ ಜನ ಸೇರಿದ್ದರು. ಬೀದಿಯಲ್ಲಿ ಸೌದೆಯ ಬೆಂಕಿ. ಅಪ್ಪನನ್ನು ಜಗಲಿಯ ಮೇಲೆ ಮಲಗಿಸಿದ್ದರು. ಗಂಗರಾಜುವಿಗೆ ಅಳು ಬರಲಿಲ್ಲ. ಅದನ್ನು ನಿನ್ನೆಯೇ ಮುಗಿಸಿದ್ದ.

ತಾಯಿ ನಿಂಗಮ್ಮ ತಲೆಯೆತ್ತಿ ನೋಡಿದಳು. "ಈಗ್ ಬಂದ್ಯಾ? ರಾತ್ರಿ ಉಣ್ಣೋ ಹೊತ್ತಿನ ತಂಕ ಜೀವ ಹಿಡ್ಕಂಡಿದ್ರಲ್ಲೋ. ಬಸ್ ಸದ್ದಾದಾಗೆಲ್ಲ ಗಂಗ ಬಂದ್ನಾ, ಗಂಗ ಬಂದ್ನಾ ಅಂತ ಕೇಳೋರು. ಅವನಿಗೊಂದು ಮಾತು ಹೇಳ್ಬೇಕು ಅಂದ್ರು. ನಂಗೇಳಿ ಅಂದ್ರೆ, ನಿಂಗಲ್ಲ ಕಣೇ, ಅವನಿಗೇ ಅಂದ್ರು."

ಗಂಗರಾಜು ತಿರುಗಿದ. ಕಂಬಕ್ಕೊರಗಿ ರಾಮಾಂಜಿನಯ್ಯ ನಿಂತಿದ್ದ. ಅವನನ್ನು ಪಕ್ಕಕ್ಕೆಳೆದು, "ತಿಂದ್ಕಂಡು ಬಾ ಅಂದ್ರಲ್ಲಣ್ಣಾ ನೀವು" ಎಂದ.

"ಅದಾ? ಅದು ನಿಮ್ಮಪ್ಪ ಹೇಳ್ಸಿದ್ದು ಕಣಪ್ಪ. ನಾನು ಫೋನ್ ಮಾಡಕ್ಕೆ ಅಂತ ಹೊರಟಿದ್ದೋನ್ನ ವಾಪಸ್ ಕರೆದು ಹೇಳ್ದ. ಕೋಪದಲ್ಲಿ ಹೋದೋನು, ಇಲ್ಲಿ ಉಣ್ಣದೇನೇ ಹೋದ, ಹಸ್ಕಂಡು ಬರೋದು ಬ್ಯಾಡ ಅಂತ."

ರಾಮಾಂಜಿನಯ್ಯ ಗಂಗರಾಜುವಿನ ಮುಖವನ್ನೇ ನೋಡಿದ. "ಬೆಳಿಗ್ಗೇನೇ ಫೋನ್ ಮಾಡಿದ್ನಲ್ಲ, ಇಷ್ಟೊತ್ಯಾಕಾಯ್ತು?"

ಜನ ಇತ್ತ ತಿರುಗಿದರು. ಹಿಂದಿನಿಂದ ಯಾರೋ, "ಬಸ್ಸೇನಾರ ಕೆಟ್ಟೋಯ್ತೇನೋ" ಎಂದರು.

"ಹೂಂ" ಎಂದ ಗಂಗರಾಜು. "ಘಾಟೀಲಿ."

"ಅಯ್ಯೋ ಶಿವನೇ, ಘಾಟೀಲಾ?"

"ಗುಂಡ್ಯ ದಾಟಿ ಮೇಲಕ್ಕೆ ಬಂದಿದ್ವಿ. ರೇಡಿಯೇಟರ್ ಒಡ್ದು ಹೊಗೆ ಬಂತು. ಒಂದ್ ಕಡೆ ಬಂಡೆ, ಇನ್ನೊಂದ್ ಕಡೆ ಪ್ರಪಾತ. ಕೆಳಗೆ ಹೊಳೆ ಸದ್ದು ಬಿಟ್ರೆ ಏನಿಲ್ಲ." ಅವನ ದನಿ ಸರಾಗವಾಗುತ್ತಿತ್ತು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಇಳಿಸಬೇಕು ಎಂದು ನಾಲಗೆಗೆ ತಾನಾಗಿ ತಿಳಿಯುತ್ತಿತ್ತು. ಡ್ರೈವರು ಕೊಡ ಹಿಡಿದು ಹೊಳೆಗಿಳಿದ, ಹಿಂದೆ ಲಾರಿಗಳು ಸಾಲುಗಟ್ಟಿದವು, ಕಾಡಿನೊಳಗೆ ಬೇಗ ಕತ್ತಲಾಯಿತು. ಮುದುಕರು ಲೊಚಗುಟ್ಟಿದರು. ದೂರ ನಿಂತಿದ್ದವರೂ ಹತ್ತಿರ ಬಂದರು.

"ಸಾಕು ಬುಡ್ಲಾ" ಎಂದಳು ನಿಂಗಮ್ಮ, ಗಂಡನ ಮುಖದ ಮೇಲಿನ ನೊಣ ಓಡಿಸುತ್ತ.

ಗಂಗರಾಜುವಿಗೆ ನಿಲ್ಲಿಸಲಾಗಲಿಲ್ಲ. ಎಷ್ಟು ಕೈ ಅಡ್ಡ ಹಾಕಿದರೂ ಯಾವ ಲಾರಿಯೂ ನಿಲ್ಲಲಿಲ್ಲ ಎಂದು, ಅವನು ಮುಂದಿನದನ್ನು ಹೇಳತೊಡಗಿದ್ದ.