ಬೋರ್ಡಿನ ಮೇಲೆ ಯಾರ ಕೈ?

“ಕಣ್ಣು ಅನ್ನೋದು ಇದೆಯೇನೋ ನಿಂಗೆ, ಇಲ್ಲಾ ಮುಖದ ಮೇಲೆ ಎರಡು ಗುಂಡಿ ಹೊಲಿಸ್ಕೊಂಡು ಓಡಾಡ್ತಿದೀಯಾ?”

ಚಿತ್ರ ಕಲಿಸಿದ ಮೇಷ್ಟ್ರು ಶಿಷ್ಯನನ್ನು ಪಕ್ಕಕ್ಕೆ ಕರೆದು ಇದನ್ನು ಕೇಳಲಿಲ್ಲ. ಚಿಕ್ಕಮ್ಮನ ಹೊಸ ಟೈಲರಿಂಗ್ ಅಂಗಡಿ ಬಾಗಿಲು ತೆಗೆದ ಬೆಳಿಗ್ಗೆ, ಟೀ ಲೋಟ ಹಿಡಿದು ನಿಂತಿದ್ದ ಇಪ್ಪತ್ತು ಜನರ ಮುಂದೆ, ನಡುಬೀದಿಯಲ್ಲಿ ಕೇಳಿದರು. ಹದಿನೆಂಟು ವರ್ಷ ಕಂಡವರ ಅಂಗಡಿಯಲ್ಲಿ ಮಿಷನ್ ತುಳಿದ ಚಿಕ್ಕಮ್ಮ ಕೊನೆಗೂ ತನ್ನದು ಅಂತ ಒಂದು ಬಾಗಿಲು ತೆರೆದಿದ್ದಳು. ಬಾಗಿಲ ಮೇಲಿನ ಬೋರ್ಡಿನಲ್ಲಿ ಬಟ್ಟೆ ಹಿಡಿದು ಸೂಜಿ ಹಾಕುತ್ತಿರುವ ಎರಡು ಕೈ. ಬರೆದವನು ಅವಳ ಅಕ್ಕನ ಮಗ, ಅವಳೇ ಸಾಕಿ ದೊಡ್ಡವನು ಮಾಡಿದವನು, ಬೀದಿಯೆಲ್ಲ ‘ಕೆಂಡ’ ಅಂತ ಕರೆಯುವವನು. ಆ ಹೆಸರು ಸುಮ್ಮನೆ ಬಂದದ್ದಲ್ಲ. ಎಂಟನೇ ಕ್ಲಾಸಿನಲ್ಲಿ ತನ್ನ ಚಿತ್ರದ ಹಾಳೆ ಹರಿದ ಮಾಸ್ತರರ ಮೇಜನ್ನು ಮಗುಚಿ ಹಾಕಿ ಬಂದವನು, ಮತ್ತೆ ಸ್ಕೂಲಿನ ಕಡೆ ತಲೆ ಹಾಕಿರಲಿಲ್ಲ.

“ಏನಾಗಿದೆ ಬೋರ್ಡಿಗೆ?” ಕೆಂಡ ಹಲ್ಲು ಕಚ್ಚಿಕೊಂಡೇ ಕೇಳಿದ.

“ಆ ಕಿರುಬೆರಳು ನೋಡು.” ಮೇಷ್ಟ್ರು ತಮ್ಮ ಎಡಗೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. ಕಿರುಬೆರಳು ನಡುಗೆಣ್ಣಿನಿಂದ ಆಚೆಗೆ ಸೊಟ್ಟಗೆ ತಿರುಗಿಕೊಂಡಿತ್ತು. “ಏಣಿಯಿಂದ ಬಿದ್ದು ಮುರಿದ ಬೆರಳಿದು. ನಂದು. ನಿನ್ನ ಚಿಕ್ಕಮ್ಮ ಯಾವಾಗ ಬಿದ್ದಳಪ್ಪಾ ಏಣಿಯಿಂದ?”

ಜನ ಟೀ ಚೆಲ್ಲಿಕೊಳ್ಳುವಷ್ಟು ನಕ್ಕರು. ಚಿಕ್ಕಮ್ಮನೂ ನಕ್ಕಳು. ಅವನಿಗೆ ಚುಚ್ಚಿದ್ದು ಅದೇ.

ಮೇಷ್ಟ್ರು ಒಂದು ಕಾಲದಲ್ಲಿ ಸಿನಿಮಾ ಬ್ಯಾನರ್ ಬರೆಯುತ್ತಿದ್ದವರು. ಬಲಗೈಯಲ್ಲಿ ಬ್ರಷ್, ಎಡಗೈ ಮಾಡೆಲ್. ಎಡಗೈಯನ್ನು ಮುಂದೆ ಚಾಚಿ, ನೋಡಿ ಬರೆಯುವುದು ಅವರ ಅಭ್ಯಾಸ. ಹಾಗಾಗಿ ಅವರು ಬರೆದ ನಾಯಕಿಯರಿಗೆಲ್ಲ, ಖಳನಾಯಕರಿಗೆಲ್ಲ, ಒಂದೇ ಸೊಟ್ಟ ಕಿರುಬೆರಳು. ಅಷ್ಟೆತ್ತರದ ಬ್ಯಾನರಿನಲ್ಲಿ ಕಿರುಬೆರಳನ್ನು ನೋಡುವವರು ಯಾರು? ಕೆಂಡ ಮಾತ್ರ ನೋಡಿದ್ದ. ಮೂರು ವರ್ಷ ಅವರ ಮಹಡಿ ಕೋಣೆಯಲ್ಲಿ ಅವರ ಹಳೇ ಹಾಳೆಗಳನ್ನೇ ಕಾಪಿ ಮಾಡಿ ಮಾಡಿ ಕೈ ಬರೆಯುವುದನ್ನು ಕಲಿತಿದ್ದ. ಆ ಸೊಟ್ಟಿನಲ್ಲೇ ಏನೋ ದೊಡ್ಡ ಗುಟ್ಟಿದೆ ಅಂದುಕೊಂಡಿದ್ದ. ಕಾಪಿಯಲ್ಲೂ ಬೆರಳು ಸೊಟ್ಟಗಿದ್ದರೆ ಕಾಪಿ ಸರಿಯಾಗಿದೆ ಅಂತ ಅರ್ಥ, ಮೇಷ್ಟ್ರಾದರೂ ಏನು ತಪ್ಪು ಹಿಡಿದಾರು?

ಜನ ಕರಗಿದ ಮೇಲೆ ಕೆಂಡ ಬೋರ್ಡ್ ಇಳಿಸಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದ.

“ಬೇರೆ ಯಾರ ಹತ್ರನಾದ್ರೂ ಬರೆಸ್ಕೋ. ನಂಗೆ ಬರಲ್ಲ.”

“ಆಯ್ತು,” ಅಂದಳು ಚಿಕ್ಕಮ್ಮ, ಸೂಜಿಗೆ ದಾರ ಪೋಣಿಸುತ್ತ. “ಅಚ್ಚು ಹಾಕಿದ ಬೋರ್ಡ್ ಸಿಗತ್ತಂತೆ. ಅದ್ರಲ್ಲಿ ಯಾವಳೋ ಬೆಳ್ಳಗಿರೋಳು ಮಿಷನ್ ಮುಂದೆ ಹಲ್ಲು ಕಿರ್ಕೊಂಡು ಕೂತಿರ್ತಾಳೆ. ಅವಳ ಅಂಗಡಿ ಅಂತ ಜನ ಬರ್ಲಿ, ನಾನು ಒಳಗೆ ಕೂತು ಹೊಲಿತೀನಿ.”

“ಚುಚ್ಚಬೇಡ ಚಿಕ್ಕಮ್ಮ.”

“ಎಂಟು ದಿನ ಕಾಯ್ತೀನಿ. ಅಲ್ಲೀವರೆಗೂ ಬಾಗಿಲ ಮೇಲೆ ಖಾಲಿ ಮೊಳೆ ಇರ್ಲಿ. ನಂಗೇನೂ ನಾಚಿಕೆಯಿಲ್ಲ.”

ಮರುದಿನ ಕೆಂಡ ಅವಳೆದುರು ಸ್ಟೂಲ್ ಹಾಕಿಕೊಂಡು ಕೂತ.

“ಕೈ ಆಡಿಸ್ಬೇಡ.”

“ಆಡಿಸದೇ ಇದ್ರೆ ಈ ಕಾಲರ್ ನಿಮ್ಮ ತಾತ ಬಂದು ಹೊಲೀತಾನಾ?”

ಅವನು ನೋಡುವುದು ಅವಳ ಕೈಯನ್ನು, ಪೆನ್ಸಿಲ್ ಇಳಿಯುವುದು ಮೇಷ್ಟ್ರ ಬೆರಳಿಗೆ. ಅಳಿಸಿ ಬರೆದ, ಮತ್ತೆ ಸೊಟ್ಟ. ರಬ್ಬರ್ ತಿಕ್ಕಿ ತಿಕ್ಕಿ ಹಾಳೆ ತೂತಾಯಿತು. ಹಾಳೆಯನ್ನು ಉಂಡೆ ಮಾಡಿ ಎಸೆದ. ಸ್ವಂತ ಕೈಯೇ ಮಾತು ಕೇಳದಿದ್ದರೆ ಜಗಳ ಆಡುವುದಾದರೂ ಯಾರ ಮೇಲೆ? ಎರಡನೇ ದಿನವೂ ಅದೇ ಪಾಡು. ಚಿಕ್ಕಮ್ಮ ಉಂಡೆಗಳನ್ನೆಲ್ಲ ಬಿಡಿಸಿ, ಅವುಗಳ ಹಿಂಬದಿಯಲ್ಲಿ ಗಿರಾಕಿಗಳ ಅಳತೆ ಬರೆದುಕೊಂಡಳು.

ಮೂರನೇ ದಿನ ಮೇಷ್ಟ್ರು ಬಂದರು. ಕಂಕುಳಲ್ಲಿ ಹಳೇ ರಟ್ಟಿನ ಕಟ್ಟು. ತಪ್ಪಾಯಿತು ಅನ್ನುವ ಜಾಯಮಾನ ಅವರದಲ್ಲ. ಕೆಂಡನೂ ಬನ್ನಿ ಅನ್ನಲಿಲ್ಲ. ಕಟ್ಟು ಬಿಚ್ಚಿ ಹಾಳೆಗಳನ್ನು ಕಟಿಂಗ್ ಮೇಜಿನ ಮೇಲೆ ಹರವಿದರು. ಬರೀ ಕೈಗಳು.

“ನಿನ್ನ ವಯಸ್ಸಲ್ಲಿ ಬರೆದದ್ದು. ಹೆಬ್ಬೆರಳು ನೋಡು.”

ಎಲ್ಲವೂ ಮೋಟು ಮೋಟು.

“ನನ್ನ ಗುರುಗಳ ಹೆಬ್ಬೆರಳು ಮೋಟು ಕಣೋ. ಆರು ವರ್ಷ ನಾನು ಬರೆದ ರಾಜರೆಲ್ಲ ಮೋಟು ಹೆಬ್ಬೆರಳಲ್ಲೇ ಕತ್ತಿ ಹಿಡಿದರು. ಅವರು ಬೈದದ್ದು ಥಿಯೇಟರ್ ಮುಂದೆ, ಮ್ಯಾಟಿನಿ ಬಿಟ್ಟ ಹೊತ್ತಲ್ಲಿ. ನಿಂಗೆ ಇಪ್ಪತ್ತು ಜನ. ನಂಗೆ ಆರುನೂರು.”

ಚಿಕ್ಕಮ್ಮ ಮಿಷನ್ ನಿಲ್ಲಿಸಿ ನಕ್ಕಳು. ಕೆಂಡನ ಬಾಯಿಯ ಒಂದು ಮೂಲೆ ಮಾತ್ರ ಸಡಿಲವಾಯಿತು, ಅವನು ಅದನ್ನೂ ಬಿಗಿ ಹಿಡಿದ.

“ಆದ್ರೆ ಗುರುಗಳ ಹತ್ರ ಒಂದು ಉಪಾಯ ಇತ್ತು,” ಅಂದರು ಮೇಷ್ಟ್ರು. “ಬೆರಳು ಬರೀಬೇಡ. ಎರಡು ಬೆರಳ ಮಧ್ಯೆ ಇರೋ ಸಂದಿ ಬರಿ. ಬೆರಳು ಹೇಗಿರತ್ತೆ ಅಂತ ನಿಂಗೆ ಗೊತ್ತು, ಅದಕ್ಕೇ ನೋಡಲ್ಲ. ಸಂದಿ ಬಗ್ಗೆ ಏನೂ ಗೊತ್ತಿಲ್ಲ, ನೋಡ್ಲೇಬೇಕಾಗತ್ತೆ.” ಆಮೇಲೆ ಜೇಬಿನಿಂದ, ಯಾವುದೋ ಪುಸ್ತಕದಿಂದ ಬಿದ್ದ ಒಂದು ಅಚ್ಚಿನ ಹಾಳೆ ತೆಗೆದರು. ಹೆಸರಿಲ್ಲದ ಯಾರೋ ಬರೆದ ಮುದುಕನೊಬ್ಬನ ಕೈ. “ಬರೆದವನು ನೋಡು, ಎಲುಬು ಚರ್ಮಕ್ಕೆ ಒತ್ತೋ ಕಡೆ ಗೆರೇನೇ ಬಿಟ್ಟುಬಿಟ್ಟಿದ್ದಾನೆ. ಬೇಕಾದ್ದು ತಗೋ. ಮಿಕ್ಕಿದ್ದು ನಂಗೆ ವಾಪಸ್ ಕೊಡು.”

ಕೆಂಡ ಸಂದಿಗಳನ್ನು ಬರೆಯತೊಡಗಿದ. ತೋರುಬೆರಳಿಗೂ ಹೆಬ್ಬೆರಳಿಗೂ ನಡುವೆ ಬಟ್ಟೆ ಸಿಕ್ಕಿಕೊಂಡ ತ್ರಿಕೋನ. ಸೂಜಿ ಎಳೆದಾಗ ಅದು ಉದ್ದವಾಗುತ್ತಿತ್ತು. ಸಂದಿಗಳು ಕೂಡಿದಾಗ ನಡುವೆ ತಾನೇ ತಾನಾಗಿ ಒಂದು ಕೈ ಉಳಿಯಿತು, ಮೇಷ್ಟ್ರದ್ದಲ್ಲ. ಆಮೇಲೆ ಒಂದೊಂದೇ ಕಣ್ಣಿಗೆ ಬಿತ್ತು. ಬಲಗೈ ಹೆಬ್ಬೆರಳ ಬುಡದಲ್ಲಿ ಕತ್ತರಿಯ ಹಿಡಿ ಕೊರೆದ ಜಡ್ಡು. ಎಡದ ತೋರುಬೆರಳ ತುದಿ ಸೂಜಿ ತಿಂದು ತಿಂದು ಜರಡಿಯಂತಾಗಿತ್ತು. ಒಂದು ಉಗುರು ನಡುವೆ ಸೀಳಿತ್ತು. ಈ ಕೈಯಿಂದ ಎಷ್ಟು ಏಟು ತಿಂದಿದ್ದ ಅವನು! ಒಂದು ಸಲವೂ ನೋಡಿರಲಿಲ್ಲ.

“ಯಾಕೋ ಹಾಗೆ ದಿಟ್ಟಿಸ್ತೀಯಾ? ಕೈ ಕಿತ್ಕೊಂಡು ಹೋಗ್ತೀಯೇನು?”

“ಸುಮ್ನೆ ಹೊಲಿ.”

ಎಂಟನೇ ದಿನ ಬೋರ್ಡ್ ಮೊಳೆಗೆ ಏರಿತು. ಇಸ್ತ್ರಿ ಅಂಗಡಿಯವನು ಪೆಟ್ಟಿಗೆ ಬಿಟ್ಟು ಬಂದು ನೋಡಿದ. “ಇದು ನಮ್ಮ ಟೈಲರ್ ಅಕ್ಕನ ಕೈ!” ಅಂತ ಕೂಗಿದ. ನಾಲ್ಕು ಜನ ಸೇರಿದರು. ಮೇಷ್ಟ್ರೂ ಬಂದು, ಕನ್ನಡಕ ಒರೆಸಿ ಹಾಕಿಕೊಂಡು, ತಪ್ಪು ಹುಡುಕಲು ನಿಂತರು. ನಿಂತೇ ಇದ್ದರು.

ಗಲಾಟೆ ಕೇಳಿ ಚಿಕ್ಕಮ್ಮ ಅಳತೆ ಟೇಪು ಕೊರಳಲ್ಲೇ ಇಟ್ಟುಕೊಂಡು ಹೊರಗೆ ಬಂದಳು. ತಲೆಯೆತ್ತಿ ನೋಡಿದಳು. ಕೆಂಡನ ಸ್ಟೂಲನ್ನು ಎಳೆದು ಹತ್ತಿ, ತನ್ನ ಕೈಯನ್ನು ಬೋರ್ಡಿನ ಕೈ ಪಕ್ಕ ಹಿಡಿದಳು. ಅದನ್ನೊಮ್ಮೆ ನೋಡಿದಳು, ಇದನ್ನೊಮ್ಮೆ ನೋಡಿದಳು. ಯಾರೂ ನಗಲಿಲ್ಲ.

“ಇಷ್ಟೊಂದು ಸವೆದಿದೆಯೇನೋ ನನ್ನ ಕೈ?” ಅಂದಳು ಮೆಲ್ಲಗೆ.

ಕೆಂಡ ಸ್ಟೂಲಿನ ಪಕ್ಕಕ್ಕೆ ಬಂದ. ಅವಳು ಇಳಿಯಲು ಆಸರೆಗೆ ಭುಜ ಕೊಟ್ಟ, ಅವಳು ನೆಲಕ್ಕೆ ಕಾಲೂರುವ ತನಕ ನಿಂತ. ಆಮೇಲೆ ಬಣ್ಣದ ಡಬ್ಬಗಳನ್ನು ಎತ್ತಿಕೊಂಡು, ಬ್ರಷ್ ತೊಳೆಯಲು ಬೀದಿ ಕೊನೆಯ ನಲ್ಲಿಯ ಕಡೆ ನಡೆದುಬಿಟ್ಟ.