ಕೊನ್ನಾರಿ ಗಡ್ಡೆ

"ಈ ಮೂಲೇಲಿ ನೀನು ನೆಟ್ಟಿದ್ದನ್ನ ನಮ್ಮನೇರು ಯಾರೂ ಕೀಳಕಿಲ್ಲ ಕಣಮ್ಮಿ. ಪಟಾಲಮ್ಮನಾಣೆ."

ಕೆರೆಯಂಗಳದ ಮಣ್ಣು ಮುಟ್ಟಿ ಊರ ಗೌಡ ಪಿಳ್ಳಪ್ಪ ಅವ್ವನಿಗೆ ಈ ಮಾತು ಕೊಟ್ಟಾಗ ಶೇಷಮ್ಮ ಆರು ವರ್ಷದ ಹುಡುಗಿ, ಅವ್ವನ ಸೆರಗು ಹಿಡಿದು ನಿಂತಿದ್ದಳು. ರಾಗಿ ಹೊಲದಲ್ಲಿ ಇಲಿ ಹಿಡಿಯಲು, ಕಾಡುಹಂದಿ ಓಡಿಸಲು ಸಾವನದುರ್ಗದ ಕಾಡಿನಿಂದ ಆ ಇರುಳಿಗರ ಕುಟುಂಬವನ್ನು ಗಾಡಿಯಲ್ಲಿ ತಂದಿಳಿಸಿದವನು ಅವನೇ. ಕೂಲಿಯ ಬದಲು ಕೊಟ್ಟದ್ದು ಬದುವಿನಾಚೆಯ ಹತ್ತು ಗುಂಟೆ. ಅವ್ವ ಅಲ್ಲಿ ಸಾಮೆ ಚೆಲ್ಲಿದಳು, ಕಾಡಿನಿಂದ ಮಡಿಲಲ್ಲಿ ಕಟ್ಟಿ ತಂದಿದ್ದ ನೂರೆ ಗೆಣಸು ಊರಿದಳು. ಬರೆದುಕೊಡಿ ಅಂತ ಕೇಳಲಿಲ್ಲ. ಮಣ್ಣು ಮುಟ್ಟಿ ಹೇಳಿದ ಮೇಲೆ ಇನ್ನು ಬರೆಯುವುದೇನು ಅನ್ನುವ ಜನ ಅವರು.

ಐವತ್ತು ವರ್ಷ ಬಳ್ಳಿ ಹಬ್ಬಿತು. ಈ ಬೇಸಿಗೆಯಲ್ಲಿ, ಪಕ್ಕದಲ್ಲೆದ್ದ ವಿಲ್ಲಾಗಳಿಗೆ ಲಾನ್ ಮಾಡಲು ಜೆಸಿಬಿ ಬಂತು. ಅದರ ಹಲ್ಲಿಗೆ ಸಿಕ್ಕದೆ ಉಳಿದದ್ದು ಒಂದು ಚೀಲ ಬೀಜದ ಗೆಣಸು. ಅದನ್ನು ಹೊತ್ತುಕೊಂಡೇ ಶೇಷಮ್ಮ ಮಗಳು ರೇವತಿಯೊಂದಿಗೆ ಪಿಳ್ಳಪ್ಪನ ಮೊಮ್ಮಗ ಪ್ರೇಮ್‌ಕುಮಾರನ ಸೈಟ್ ಆಫೀಸಿಗೆ ಹೋದಳು.

"ಯಾವನೇ ಕೊಟ್ಟಿದ್ದು ನಿಂಗೆ ಜಾಗ? ಇಲಿ ತಿನ್ನೋ ನನ್ಮಕ್ಳು, ವಿಲ್ಲಾ ಪಕ್ಕ ಗೆಣಸು ಹಾಕ್ತಾರಂತೆ ಗೆಣಸು!"

"ನಿಮ್ ತಾತಾರು ಮಣ್ಣು ಮುಟ್ಟಿ ಯೋಳವ್ರೆ ಸಾಮಿ. ನಿಮ್ಮಪ್ಪಾರು ಪಕ್ಕದಲ್ಲೇ ನಿಂತಿದ್ರು. ಕೇಳ್ನೋಡಿ."

ಅಪ್ಪ ರಾಮಾಂಜಿನಪ್ಪ ಫ್ಯಾನಿನಡಿ ಕುರ್ಚಿಯಲ್ಲಿ ಕೂತು ಮೊಬೈಲ್ ತಿಕ್ಕುತ್ತಿದ್ದ. ತಲೆಯೆತ್ತಲಿಲ್ಲ. "ನಂಗೇನೂ ನೆಪ್ಪಿಲ್ಲ."

"ನಮ್ಮವ್ವನ ಕೈಲಿ ಸುಟ್ಟ ಗೆಣಸು ಈಸ್ಕಂಡು ತಿಂದಿದ್ರಲ್ಲ, ಅದೂ ನೆಪ್ಪಿಲ್ವ?"

"ಥೂ! ನಿಮ್ ಕೈಲಿ ನಾನ್ಯಾಕಮ್ಮಿ ತಿನ್ಲಿ?" ಆ ಗೆಣಸು ಇನ್ನೂ ಬಾಯಲ್ಲಿದೆಯೇನೋ ಎಂಬಂತೆ ಅವನು ಬಾಗಿಲಾಚೆ ಉಗಿದ. ಅದು ಹೊಸ್ತಿಲಾಚೆ ಇಳಿಸಿದ್ದ ಚೀಲದ ಮೇಲೆ ಬಿತ್ತು.

ಪ್ರೇಮ್‌ಕುಮಾರ ನಕ್ಕ. "ನೋಡಮ್ಮಾ, ಓಪನಿಂಗ್ ದಿನ ಟ್ರೈಬಲ್ ಫುಡ್ ಅಂತ ಒಂದು ಸ್ಟಾಲ್ ಇಡ್ತೀವಿ. ಸೊಂಟಕ್ಕೆ ಎಲೆ ಸುತ್ಕೊಂಡು ಬಂದು ಫೋಟೋಗೆ ಗೆಣಸು ಸುಡು. ಕೂಲಿ ಬೇಕಾದ್ರೆ ಲಾನ್ ಹಾಸೋಕೆ ಬಾ. ಜಾಗ ಗೀಗ ಅಂದ್ರೆ ಕಾಲು ಮುರೀತೀನಿ."

ಹೊರಗೆ ಬಂದವಳೇ ರೇವತಿ ಜಲ್ಲಿಕಲ್ಲು ಎತ್ತಿಕೊಂಡಳು. "ಬುಡವ್ವ. ಆ ಗಾಜಿಗೆ ಒಂದೇ ಒಂದು ಬೀಸ್ತೀನಿ, ಸೂಳೆಮಗಂದು."

"ಗಾಜು ನಾಳಿಕ್ಕೆ ಒಸ್ದು ಆಕಿಸ್ತಾನೆ. ಬಿಸಾಕು."

ತಾಲ್ಲೂಕು ಕಚೇರಿಯ ಗುಮಾಸ್ತ, "ಮಣ್ಣು ಮುಟ್ಟಿದ್ದಕ್ಕೆ ಪಹಣಿ ಐತೇನಮ್ಮ?" ಎಂದು ಪಕ್ಕದವನ ತೊಡೆ ತಟ್ಟಿ ನಕ್ಕ. ಕೆರೆಯಂಚಿಗೆ ಬೇಲಿ ಬಿದ್ದಿತ್ತು. ಟಿನ್ ಫ್ಯಾಕ್ಟರಿ ಆಚೆಯ ಅವರ ಶೀಟಿನ ಮನೆಯ ಸುತ್ತ ಗೇಣು ಮಣ್ಣಿಲ್ಲ, ಎಲ್ಲ ಸಿಮೆಂಟು. ಭರಣಿ ಮಳೆ ಬಂದು ಹೋಯಿತು. ಚೀಲದೊಳಗೆ ಗೆಣಸು ಮೊಳಕೆಯೊಡೆದು, ಊರಲು ನೆಲ ಸಿಗದೆ ಬಾಡತೊಡಗಿತು.

ಬೀಜದ ಗೆಣಸನ್ನು ಇರುಳಿಗರು ಬೇಯಿಸುವುದಿಲ್ಲ, ಹೊಟ್ಟೆಗಿಲ್ಲದ ದಿನವೂ ಅದನ್ನು ಮುಟ್ಟುವುದಿಲ್ಲ. ಅವತ್ತು ಶೇಷಮ್ಮ ಅಷ್ಟನ್ನೂ ತೊಳೆದು ಬೇಯಿಸಿದಳು. ತಾಯಿ ಮಗಳು ಎದುರುಬದುರು ಕೂತು ತಿಂದರು. ರೇವತಿ ಉಪ್ಪು ಕೇಳಲಿಲ್ಲ.

ಮಾರನೆಯ ಬೆಳಿಗ್ಗೆ ಶೇಷಮ್ಮ ಲಾನ್ ಹಾಸುವ ಕೂಲಿಗೆ ಹೊರಟಳು. ದಾರಿಯಲ್ಲಿ ಬೇಲಿಯ ಸಂದಿಗೆ ಕೈ ತೂರಿಸಿ ಕೊನ್ನಾರಿ ಗಡ್ಡೆ ಅಗೆದು ಮಡಿಲು ತುಂಬಿಕೊಂಡಳು. ಕಪ್ಪಗೆ, ಕಡಲೆಕಾಯಿ ಬೀಜದಷ್ಟು. ಬರ ಬಂದಾಗ ಅವ್ವ ಹುರಿದು ಕೊಡುತ್ತಿದ್ದದ್ದು ಇದನ್ನೇ. ಮೇಲಿನ ಹುಲ್ಲು ಕಿತ್ತರೆ ಗಡ್ಡೆ ನೆಲದಲ್ಲೇ ಉಳಿಯುತ್ತದೆ, ಒಂದಿದ್ದದ್ದು ಹತ್ತಾಗಿ ಏಳುತ್ತದೆ.

ನರ್ಸರಿಯಿಂದ ಬಂದ ಹುಲ್ಲಿನ ಚೌಕಗಳನ್ನು ಹಾಸುವುದು ಕೆಲಸ. ಒಂದೊಂದು ಚೌಕದ ಕೆಳಗೂ ಐದೈದು ಗಡ್ಡೆ ಒತ್ತಿದಳು. ಹನ್ನೊಂದು ದಿನ.

"ಏನಮ್ಮಿ, ಮಗೂನ ಮಲಗ್ಸಿದಂಗೆ ಹಾಸ್ತೀಯ!" ಎಂದ ಮೇಸ್ತ್ರಿ ಬಸಣ್ಣ.

"ಮನ್ಸಿಟ್ಟು ಆಸ್ಬೇಕಲ್ಲಣ್ಣ. ಗೌಡ್ರು ನಮ್ಮನ್ನ ನೆನೀಬೇಕು."

ಓಪನಿಂಗಿಗೆ ಅವಳು ಹೋಗಲಿಲ್ಲ. ಎಲೆ ಸುತ್ತಿಕೊಂಡು ಬೇರೆ ಯಾರೋ ಗೆಣಸು ಸುಟ್ಟರಂತೆ.

ಮುಂಗಾರು ಹಿಡಿದ ವಾರಕ್ಕೆ ಲಾನು ಸೀಳಿಕೊಂಡು ಕೊನ್ನಾರಿ ಎದ್ದಿತು. ಕೀಳಿಸಿದರು, ಎರಡರಷ್ಟು ಬಂತು. ಔಷಧಿ ಹೊಡೆಸಿದರು, ಸತ್ತದ್ದು ನರ್ಸರಿಯ ಹುಲ್ಲು. ಜೆಸಿಬಿ ತರಿಸಿ ಕೆರೆದು ಆ ಮಣ್ಣನ್ನು ಹಿಂದಿನ ಸಾಲಿನ ವಿಲ್ಲಾಗಳ ಮುಂದೆ ಸುರಿಸಿದರು, ಅಲ್ಲೂ ಎದ್ದಿತು. ದುಡ್ಡು ಕೊಟ್ಟವರು ಗೇಟಿನಲ್ಲಿ ನಿಂತು ಪ್ರೇಮ್‌ಕುಮಾರನ ಅವ್ವ ಅಪ್ಪನನ್ನೆಲ್ಲ ಎತ್ತಿ ಬೈದರು.

ಒಂದು ಮಧ್ಯಾಹ್ನ ರಾಮಾಂಜಿನಪ್ಪ ಪಂಚೆ ಎತ್ತಿ ಕಟ್ಟಿ, ಮೊಣಕಾಲೂರಿ, ತಾನೇ ಕೀಳುತ್ತಿದ್ದ. ಕೈಗೆ ಬಂದದ್ದು ಬರೀ ಗರಿ. ಬೇಲಿಯಾಚೆ ತಾಯಿ ಮಗಳು ನಿಂತಿದ್ದರು. ರೇವತಿಯ ಕೈಯಲ್ಲಿ ಹುರಿದ ಗಡ್ಡೆಯ ಪೊಟ್ಟಣ.

"ಜೋರಾಗಿ ಎಳೀರಿ ಸಾಮಿ," ಶೇಷಮ್ಮ ಕೂಗಿದಳು. "ಈಗ ನೆಪ್ಪಾಯ್ತಾ?"

ರಾಮಾಂಜಿನಪ್ಪ ತಲೆಯೆತ್ತಿ ನೋಡಿದ. ಮತ್ತೆ ಬಗ್ಗಿ ಎಳೆದ.

ಪಿಳ್ಳಪ್ಪ ಕೊಟ್ಟ ಮಾತು ಉಳಿಯಿತು. ಶೇಷಮ್ಮ ನೆಟ್ಟದ್ದನ್ನು ಅವನ ಮನೆಯವರು ಯಾರೂ ಕೀಳಲಿಲ್ಲ.